ಕೃಷ್ಣೆಯ ನಡುಗಡ್ಡೆಯಲ್ಲಿ ಒಂದು ಹಗಲು - ಡ್ಯೂಯೆಟ್ ಇಲ್ಲದೆ!

ನಾಯಕ, ನಾಯಕಿ, ಒಂದು ದೋಣಿ, ಸುತ್ತಲೂ ನೀರು... ಇಷ್ಟು ಸಿಕ್ಕರೆ ಸಾಕು, ನಮ್ಮ ಸಿನಿಮಾದವರಿಗೆ ನಾಲ್ಕು ನಿಮಿಷದ ಹಾಡು ತಯಾರು! 1964ರಲ್ಲಿ 'ಕಾಶ್ಮೀರ್ ಕೀ ಕಲಿ' ಚಿತ್ರಕ್ಕಾಗಿ ಶಮ್ಮಿ ಕಪೂರ್ ದಾಲ್ ಸರೋವರದ ಶಿಕಾರಾದ ಮೇಲೆ ಕುಣಿದು ಕುಪ್ಪಳಿಸಿದ. 1997ರ 'ಟೈಟಾನಿಕ್' ಚಿತ್ರದಲ್ಲಿ ಹಡಗಿನ ತುದಿಗೆ ನಿಂತು ಕೈ ಚಾಚಿದ ಆ ಜೋಡಿಯನ್ನು ಮರೆತವರುಂಟೆ? 2006ರ 'ಮುಂಗಾರು ಮಳೆ' ನಮ್ಮ ಹುಡುಗರನ್ನು ಜೋಗದ ನೆತ್ತಿಗೆ ಕರೆದೊಯ್ದು ಎದೆಯನ್ನೇ ಒದ್ದೆ ಮಾಡಿ ಕಳಿಸಿತು.

ಇಂಥ ನೂರಾರು ಚಿತ್ರ ನೋಡಿ, ಅವುಗಳ ಬಗ್ಗೆ ಬರೆದೇ ಹೊಟ್ಟೆ ಹೊರೆಯುತ್ತೇನೆಂದು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ನನಗೂ ಅಂಥದ್ದೊಂದು ದಿನ ಬೇಕೆಂಬ ಆಸೆ ಇತ್ತು. ಸಿಕ್ಕಿತು ಮಿತ್ರರೇ! ಆದರೆ ಅದರಲ್ಲಿ ಹಾಡಿರಲಿಲ್ಲ. ಹಾಡಲು ಬಾಯಿ ತೆರೆದರೆ ಬೈಯುವ ಅಂಬಿಗನೊಬ್ಬ ಇದ್ದ.

ನಾನು ತುಂಗಭದ್ರೆ ಕಡೆಯವ, ಆಕೆ ಕೃಷ್ಣೆ ಕಡೆಯವಳು

ನಮ್ಮ ರಾಯಚೂರು ಜಿಲ್ಲೆಯ ನಕಾಶೆ ನೋಡಿ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಎರಡು ನೀರಿನ ನಡುವಿನ ಈ ನೆಲಕ್ಕೆ ದೋಆಬ್ ಎಂದು ಹೆಸರು. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನಲ್ಲಿ ಯುದ್ಧ ನಡೆದದ್ದು ಇದೇ ನೆಲಕ್ಕಾಗಿ. ಈ ನೆಲದಲ್ಲಿ ನನ್ನ ಮಾನ್ವಿ ತುಂಗಭದ್ರೆಯ ಕಡೆಗೆ. ನನ್ನ ಸೋದರಮಾವನ ಮಗಳ ದೇವದುರ್ಗ ಕೃಷ್ಣೆಯ ಕಡೆಗೆ. ಇಬ್ಬರಿಗೂ ಸೇರಿದ ಊರು ರಾಯಚೂರು. ಆಸ್ಪತ್ರೆ, ಕಚೇರಿ, ಸಿನಿಮಾ, ಎಲ್ಲಕ್ಕೂ ಇಲ್ಲಿಗೇ ಬರಬೇಕು.

ನಿಶ್ಚಯವಾಗಿ ಎಂಟು ತಿಂಗಳಾಗಿತ್ತು. ಮಾವನ ಮನಸ್ಸು ಮಾತ್ರ ತೂಗುಯ್ಯಾಲೆ. ಕೊನೆಗೊಂದು ದಿನ ಅಂಗಳದಲ್ಲಿ ಕೂರಿಸಿಕೊಂಡು ನೇರವಾಗಿಯೇ ಹೇಳಿದರು:

"ಸಿನಿಮಾ ಬಗ್ಗೆ ಬರ್ಯೋದು ಒಂದ್ ಕೆಲಸಾ ಏನೋ? ರಾಯಚೂರು ಗಂಜಿನ್ಯಾಗ ನಮ್ಮ ಪರಿಚಯದ ದಲಾಲಿ ಅಂಗಡಿ ಐತಿ. ಲೆಕ್ಕಾ ಬರ್ಯಾಕ ಹುಡುಗ ಬೇಕಾಗ್ಯಾನ. ಎಳ್ಳಮಾಸಿ ಒಳಗ ಹೂಂ ಅಂದ್ರ ಹೂಂ. ಇಲ್ಲಾಂದ್ರ ನನ್ನ ಮಗಳಿಗಿ ಬ್ಯಾರೆ ಕಡಿ ನೋಡ್ತೀನಿ."

ನನ್ನ ಲೆಕ್ಕ ಬೇರೆ ಇತ್ತು. ಬೆಂಗಳೂರಿನ ಬಸ್ಸು ಹತ್ತುವುದು, ಗಾಂಧಿನಗರದಲ್ಲಿ ಅಲೆಯುವುದು, ಹೆಸರು ಮಾಡುವುದು. ಆಗಲೇ ಒಂದು ಪತ್ರಿಕೆಯಿಂದ ಆರು ಲೇಖನಗಳ ಸಂಭಾವನೆ ಬರಬೇಕಿತ್ತು. ಇವತ್ತಿಗೂ ಬಂದಿಲ್ಲ, ಆ ಮಾತು ಬಿಡಿ! ಆದರೂ ಹತ್ತಿ ಅಂಡಿಗೆಗಳ ನಡುವೆ ಕೂತು ತೂಕ-ದರ ಬರೆಯುವ ಗುಮಾಸ್ತನಾಗಲು ಮನಸ್ಸು ಒಪ್ಪಲಿಲ್ಲ. ಇದನ್ನು ಆಕೆಗೆ ಹೇಳಬೇಕು. ಹೇಗೆ? ಎಲ್ಲಿ?

ಪ್ರೊಜೆಕ್ಟರ್ ಕೈಕೊಟ್ಟಾಗ...

2023ರ ಡಿಸೆಂಬರ್. ಎಳ್ಳಮಾಸಿಗೆ ಇನ್ನು ಮೂರು ವಾರ. ಆಕೆ ಬಿ.ಎಡ್. ಅಂಕಪಟ್ಟಿಯ ಕೆಲಸಕ್ಕೆಂದು ರಾಯಚೂರಿಗೆ ಬಂದಿದ್ದಳು. ನಾನು ಮಾನ್ವಿಯಿಂದ ಬಂದಿದ್ದೆ. ಕಚೇರಿ ಕೆಲಸ ಹತ್ತೂವರೆಗೇ ಮುಗಿಯಿತು. ಬೆಳಗಿನ ಆಟಕ್ಕೆ ಹೋದರೆ, ಟಾಕೀಸಿನ ಬಾಗಿಲಲ್ಲೇ ತಡೆದು "ಮಷಿನ್ ಕೆಟ್ಟೈತ್ರಿ, ಆಟ ಇಲ್ಲ" ಎಂದರು. ಕತ್ತಲಲ್ಲಿ ಪಕ್ಕಕ್ಕೆ ಕೂತು ಮಾತು ತೆಗೆಯಬೇಕೆಂದಿದ್ದ ನನ್ನ ಇಡೀ ಚಿತ್ರಕಥೆ ಅಲ್ಲಿಗೇ ಡಬ್ಬಾ!

ಮಾವಿನಕೆರೆಯ ದಂಡೆಗೆ ಹೋಗೋಣವೆಂದರೆ ಪರಿಚಯದವರ ಕಣ್ಣು. ಕೋಟೆಗೆ ಹೋಗೋಣವೆಂದರೆ ಅಲ್ಲಿಯೂ ಅದೇ ಭಯ. ಸುಮ್ಮನೆ ಬಸ್‌ಸ್ಟ್ಯಾಂಡಿಗೆ ವಾಪಸು ಬಂದು ನಿಂತೆವು. ಆಗ ಕಂಡಕ್ಟರನೊಬ್ಬ ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಆತ್ಕೂರ್! ಆತ್ಕೂರ್!"

ಆಕೆ ನನ್ನ ಮುಖ ನೋಡಿದಳು. "ಮಾಮಾ, ಅಲ್ಲಿಂದ ಹೊಳಿ ದಾಟಿದ್ರ ಕುರುವಪುರ ಅಲ್ಲ?"

"ಹೌದು. ನಡುಗಡ್ಡಿ."

"ಹೋಗೂಣು?"

ಯೋಚನೆ ಇಲ್ಲ, ಯೋಜನೆ ಇಲ್ಲ. ಹತ್ತಿಯೇಬಿಟ್ಟೆವು! ಹೇಗೂ ದೇವಸ್ಥಾನದ ಊರು. ನಾಳೆ ಯಾರಾದರೂ ಕೇಳಿದರೆ "ಗುಡಿಗೆ ಹೋಗಿದ್ವಿ" ಎಂದರಾಯಿತು. ಆಕೆಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಅದೇ ವರ್ಷ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಪ್ರತಾಪ. ದುಡ್ಡು ಕೊಟ್ಟವನು ನಾನೊಬ್ಬನೇ. "ಇನ್ನ ಮ್ಯಾಲೆ ನನ್ನ ಕರಕೊಂಡು ಹೋಗಾಕ ಖರ್ಚಿಲ್ಲ ನೋಡು" ಎಂದು ನಕ್ಕಳು. ಹಿರಿಯರ ಮುಂದೆ ನನಗೆ 'ನೀವು' ಎನ್ನುವವಳು, ಇಬ್ಬರೇ ಆದಾಗ ಚಿಕ್ಕಂದಿನ 'ನೀ'ಗೆ ಇಳಿಯುತ್ತಾಳೆ.

"ನಿಂತ್ರ ಇಳಸ್ತೀನಿ!"

ಆತ್ಕೂರು ದಾಟಿ ಹೊಳೆ ದಂಡೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಕೃಷ್ಣೆ ಅಂದು ತಿಳಿಯಾಗಿ, ಬಂಡೆಗಳ ನಡುವೆ ನುಸುಳಿಕೊಂಡು ಹರಿಯುತ್ತಿದ್ದಳು. ದಂಡೆಯಲ್ಲಿ ಬೋರಲು ಹಾಕಿದ ದೊಡ್ಡ ಬುಟ್ಟಿಗಳಂತೆ ಹರಿಗೋಲುಗಳು. ಬಿದಿರಿನ ಹೆಣಿಗೆ, ಹೊರಗೆ ಡಾಂಬರು ಬಳಿದ ಹೊದಿಕೆ. ಹಿಂದಿನ ಕಾಲದಲ್ಲಿ ಚರ್ಮ ಹೊದಿಸುತ್ತಿದ್ದರಂತೆ.

ನಮ್ಮ ಜೊತೆ ಎರಡು ಮೂಟೆ, ಒಬ್ಬ ಮುದುಕ, ಮಗುವನ್ನು ಎತ್ತಿಕೊಂಡ ಹೆಂಗಸು, ಮೊಬೈಲು ಹಿಡಿದ ಮೂವರು ಹುಡುಗರು. ಅಂಬಿಗಜ್ಜ ಎಲ್ಲರನ್ನೂ ತೂಕ ನೋಡಿ ಕೂಡಿಸಿದ. ನಾನು ಆಕೆಯ ಪಕ್ಕಕ್ಕೆ ಕೂರಲು ಹೋದೆ.

"ಏ ತಮ್ಮಾ, ಇಬ್ರೂ ಒಂದಾ ಕಡಿ ಬ್ಯಾಡ. ನೀ ಆ ಕಡಿ ಕುಂದ್ರು."

ಆಕೆ ಒಂದು ಬದಿ, ನಾನು ಎದುರು ಬದಿ, ನಡುವೆ ಮೂಟೆ! ಯಾವ ನಿರ್ದೇಶಕ ಇಂಥ ಫ್ರೇಮು ಇಟ್ಟಾನು?

ಅಜ್ಜ ಕೂಡಲೇ ಅಡ್ಡ ಹಾಯಲಿಲ್ಲ. ಮೊದಲು ದಂಡೆಯ ಗುಂಟ ಹರಿವಿಗೆ ಎದುರಾಗಿ ಒಂದಿಷ್ಟು ದೂರ ಹುಟ್ಟು ಹಾಕಿ, ಆಮೇಲೆ ಓರೆಯಾಗಿ ಬಿಟ್ಟ. ಹೊಳೆಯೇ ನಮ್ಮನ್ನು ಅರ್ಧ ದಾಟಿಸಿತು. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಈ ಕಡೆಗೊಮ್ಮೆ, ಆ ಕಡೆಗೊಮ್ಮೆ ಎಳೆಯಬೇಕು.

ನಟ್ಟ ನಡುವೆ ಬಂದಾಗ ಹುಡುಗರಲ್ಲಿ ಒಬ್ಬ ಎದ್ದು, 'ಟೈಟಾನಿಕ್' ವರಸೆಯಲ್ಲಿ ಕೈ ಚಾಚಿದ. ಇನ್ನೊಬ್ಬ ಮೊಬೈಲು ಎತ್ತಿದ. ಹರಿಗೋಲು ಓಲಾಡಿತು. ಅಜ್ಜ ಹುಟ್ಟು ಎತ್ತಿ ಹಿಡಿದು ಗದರಿದ: "ನಿಂತ್ರ ಇಲ್ಲೇ ಇಳಸ್ತೀನಿ!" ಹುಡುಗ ತೆಪ್ಪಗೆ ಕೂತ. ನನಗೂ ಹಾಡು ಗುನುಗುವ ಮನಸ್ಸಾಗಿತ್ತು. ಬಾಯಿ ಮುಚ್ಚಿಕೊಂಡೆ.

ಮಗು ಎತ್ತಿಕೊಂಡ ಹೆಂಗಸು ಮೆಲ್ಲಗೆ ಅಂದಳು: "ಆ ವರ್ಷ ಹಿಂಗಾ ಆತ್ರೀ..." 2020ರ ಆಗಸ್ಟ್ ತಿಂಗಳಲ್ಲಿ ಇದೇ ಹೊಳೆಯಲ್ಲಿ, ಕುರ್ವಕುಲದಿಂದ ತೆಲಂಗಾಣದ ದಂಡೆಗೆ ಹೊರಟ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಅವರು ಮೋಜಿಗೆ ಹೊರಟವರಲ್ಲ. ನಡುಗಡ್ಡೆಯವರಿಗೆ ಸಂತೆಗೂ ಹರಿಗೋಲು, ಸಾಲಿಗೂ ಹರಿಗೋಲು, ದವಾಖಾನೆಗೂ ಹರಿಗೋಲು. ಮೇಲೆ ನಾರಾಯಣಪುರ ಜಲಾಶಯದ ಗೇಟು ಎತ್ತಿ ಹೊಳೆ ತುಂಬಿದರೆ ಅದೂ ಬಂದ್. 2019ರ ಆಗಸ್ಟ್ ಮಹಾಪೂರದಲ್ಲಿ ನಮ್ಮ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿತ್ತು. ಸೇತುವೆಯೇ ಇಲ್ಲದವರ ಪಾಡೇನು?

"ದಿನಾ ತುಂಬಿದ ಬಸುರಿ ಇದ್ರ ಮಳಿಗಾಲಕ್ಕ ಮುಂಚೇನಾ ದಂಡಿ ಮ್ಯಾಲಿನ ಬೀಗರ ಮನಿಗಿ ಕಳಸ್ತೀವ್ರಿ" ಎಂದಳು ಆ ಹೆಂಗಸು. "ಇವನೂ ಹಂಗಾ ಹುಟ್ಯಾನ." ಮಗು ನನ್ನ ನೋಡಿ ನಕ್ಕಿತು.

ದಡ್ಡನ ಕಥೆ

ಕುರುವಪುರ ಸಣ್ಣ ಊರು. ಆಂಧ್ರದ ಪಿಠಾಪುರದಲ್ಲಿ ಹುಟ್ಟಿದ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಜಾಗವೆಂದು ಇದರ ಹೆಸರು. ಅವರನ್ನು ದತ್ತಾತ್ರೇಯನ ಅವತಾರವೆಂದು ನಂಬಿದವರು ಮಹಾರಾಷ್ಟ್ರದಿಂದಲೂ ಹುಡುಕಿಕೊಂಡು ಬರುತ್ತಾರೆ. ಗುಡಿ, ಹಳೆಯ ಆಲದ ಮರ, ಟೆಂಬೆ ಸ್ವಾಮಿಗಳು ಕುಳಿತಿದ್ದ ಗುಹೆ. ಅದರಾಚೆ ಬಂಡೆ, ಮರಳು, ನೀರು, ಮೌನ. ಅಷ್ಟೇ.

ದರ್ಶನ ಮುಗಿಸಿ ಬಂಡೆಯ ನೆರಳಿಗೆ ಕೂತೆವು. ಆಕೆ ಚೀಲದಿಂದ ಗಂಟು ಬಿಚ್ಚಿದಳು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಇಬ್ಬರಿಗಾಗುವಷ್ಟು ಕಟ್ಟಿಕೊಂಡಿದ್ದಳು. ಅಂದರೆ...? ಕೇಳಲಿಲ್ಲ. ತಿಂದೆ.

"ಈ ಊರಿನ ಕಥಿ ಗೊತ್ತೇನು?" ಎಂದಳು. 'ಗುರುಚರಿತ್ರೆ'ಯಲ್ಲಿ ಬರುವ ಕಥೆ. ಅಂಬಿಕೆ ಎಂಬ ವಿಧವೆ. ಅವಳಿಗೊಬ್ಬ ದಡ್ಡ ಮಗ, ಅಕ್ಷರ ತಲೆಗೆ ಹತ್ತದು. ಜನರ ಮಾತು ಕೇಳಲಾರದೆ ತಾಯಿ-ಮಗ ಇಬ್ಬರೂ ಇದೇ ಹೊಳೆಗೆ ಬೀಳಲು ಬಂದರು. ಶ್ರೀಪಾದರು ತಡೆದರು, ಹರಸಿದರು, ಮಗ ಪಂಡಿತನಾದ.

"ಪಿ.ಯು.ಸಿ. ಬಿಟ್ಟವರಿಗಿ ಸರಿಯಾದ ಊರಿಗೇ ಕರಕೊಂಡು ಬಂದೀನಿ ನೋಡು!"

ನಕ್ಕೆವು. ನಗು ನಿಂತ ಮೇಲೆ ಮಾತು ಬರಲೇಬೇಕಿತ್ತು. ಹೇಳಿದೆ. ಗಂಜಿನ ಕೆಲಸ ಒಲ್ಲೆ, ಬೆಂಗಳೂರಿಗೆ ಹೋಗುತ್ತೇನೆ, ಎರಡು ವರ್ಷ ಕಾಯಿ, ಇಲ್ಲವೇ ಈಗಲೇ ಜೊತೆಗೆ ಬಾ. ಸಿನಿಮಾದಲ್ಲಾದರೆ ನಾಯಕಿ ಇಲ್ಲಿ ಓಡಿಬಂದು ಎದೆಗೆ ಒರಗಬೇಕು.

ಆಕೆ ಕೈ ತೊಳೆದುಕೊಂಡು ಬಂದು ಕೂತಳು. "ನಿನ್ನ ಲೇಖನ ಎಲ್ಲಾ ಓದೀನಿ. ಒಂದು ಮಾತು ಹೇಳ್ಲೇನು? ಸ್ಟಾರ್‌ಗಳ ಮ್ಯಾಲೆ ಬರ್ದಿದ್ದೆಲ್ಲಾ ಒಂದಾ ಥರ. ನೀ ಅವರನ್ನ ನೋಡೇ ಇಲ್ಲ. ಯಾರೋ ಬರ್ದಿದ್ದು ನೋಡಿ ಬರ್ದೀದಿ. ಆದ್ರ ಮುಚ್ಚಿದ ಟಾಕೀಸಿನ ಗೇಟ್‌ಕೀಪರ್ ಮ್ಯಾಲೆ ಬರ್ದಿದ್ದಿ ನೋಡು, ಅದು ಚೊಲೊ ಇತ್ತು. ನನಗ ಅಳು ಬಂತು. ಅಂವ ಬೆಂಗಳೂರಾಗ ಸಿಕ್ಕಿದ್ದನೇನು?"

ಇಲ್ಲ. ಮಾನ್ವಿಯಲ್ಲಿ ಸಿಕ್ಕಿದ್ದ.

"ನಾ ಎರಡು ವರ್ಷ ಕಾಯಂಗಿಲ್ಲ. ಓಡಿನೂ ಬರಂಗಿಲ್ಲ. ಹಗಲಿಗಿ ಗಂಜು, ರಾತ್ರಿಗಿ ಪೆನ್ನು, ಆದಿತ್ಯವಾರ ಸಿನಿಮಾ. ನನಗ ನೌಕರಿ ಸಿಕ್ಕ ದಿನ ಗಂಜು ಬಿಡು. ಅಲ್ಲಿ ತನಕ ಅಪ್ಪನ ಸಂಗಾಟ ಜಗಳ ನಾ ಆಡ್ತೀನಿ. ಒಪ್ಪಿದ್ರ ಹೇಳು. ಇಲ್ಲಾಂದ್ರ ದಂಡಿಗಿ ಹೋದ ಮ್ಯಾಲೆ ನಿನ್ನ ಬಸ್ಸು ಬ್ಯಾರೆ, ನನ್ನ ಬಸ್ಸು ಬ್ಯಾರೆ."

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ? ನನ್ನ ಬರಹದ ಬಗ್ಗೆ ಅಷ್ಟು ನೇರವಾಗಿ ಯಾವ ಸಂಪಾದಕನೂ ಮಾತಾಡಿರಲಿಲ್ಲ. ಎದ್ದು ನೀರಿನ ಅಂಚಿಗೆ ಹೋಗಿ ಬಹಳ ಹೊತ್ತು ನಿಂತೆ. ಆಕೆ ಕರೆಯಲಿಲ್ಲ. ಬಂಡೆಯ ಮೇಲೆ ಕೂತು ರೊಟ್ಟಿಯ ಬಟ್ಟೆ ಮಡಚುತ್ತಿದ್ದಳು.

ಕೊನೆಯ ಹರಿಗೋಲು

ಹೊತ್ತು ಇಳಿಯಿತು. ಕತ್ತಲಾದ ಮೇಲೆ ದಾಟಿಸುವುದಿಲ್ಲವೆಂದು ಅಜ್ಜ ಮೊದಲೇ ಹೇಳಿದ್ದ. ಓಡಿದೆವು! ಈ ಸಲ ಹರಿಗೋಲಿನಲ್ಲಿ ನಾವಿಬ್ಬರೇ ಪ್ರಯಾಣಿಕರು. ಸೂರ್ಯ ನೀರಿಗಿಳಿಯುತ್ತಿದ್ದ, ಹೊಳೆಯೆಲ್ಲ ಕುಂಕುಮ. ಕ್ಯಾಮೆರಾ ಇದ್ದರೆ ಏನು ಶಾಟು! ಅಜ್ಜ ಹೇಳುವ ಮೊದಲೇ ನಾನು ಎದುರು ಬದಿಗೆ ಹೋಗಿ ಕೂತೆ. ಅಜ್ಜ ಮೆಚ್ಚಿಕೊಂಡವನಂತೆ ತಲೆಯಾಡಿಸಿ ಹುಟ್ಟು ಹಾಕಿದ.

ಹೀಗೆ ಕೂತದ್ದರಲ್ಲಿ ಒಂದು ಲಾಭವಿತ್ತು. ಪಕ್ಕದಲ್ಲಿ ಕೂತಿದ್ದರೆ ಆಕೆಯ ಮುಖ ಕಾಣುತ್ತಿರಲಿಲ್ಲ. ಈಗ ದಾರಿಯುದ್ದಕ್ಕೂ ಕಂಡಿತು. ಬೆಳಗಿನಿಂದ ಅಷ್ಟು ಧೈರ್ಯವಾಗಿ ಮಾತಾಡಿದವಳ ಕಣ್ಣು ತುಂಬಿತ್ತು. ನನ್ನ ಉತ್ತರಕ್ಕೆ ಹೆದರಿದ್ದಳು ಎಂದು ಆಗ ತಿಳಿಯಿತು.

ನಡು ಹೊಳೆಯಲ್ಲಿ ಕೇಳಿದೆ: "ಗಂಜಿನ್ಯಾಗ ಕೆಲಸ ಎಷ್ಟು ಗಂಟೆಗಿ ಶುರು ಆಗ್ತದ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮಾವನ್ನ ಕೇಳ್ರಿ" ಎಂದಳು. ಅಜ್ಜನ ಮುಂದಲ್ಲವೆ, 'ನೀವು' ಬಂದುಬಿಟ್ಟಿತ್ತು!

ಕೊನೆಗೆ...

2024ರ ಬೇಸಿಗೆಯಲ್ಲಿ ಮದುವೆಯಾಯಿತು. ಹತ್ತಿ ಸುಗ್ಗಿಯಲ್ಲಿ ಗಂಜಿನಲ್ಲಿ ಉಸಿರಾಡಲೂ ಬಿಡುವಿಲ್ಲ. ಆದರೂ ಬರೆಯುತ್ತಿದ್ದೇನೆ. ಈ ಲೇಖನದ ಮೊದಲ ಪುಟ ಬರೆದದ್ದು ತೂಕದ ಚೀಟಿಯ ಹಿಂಬದಿಯಲ್ಲಿ. ಮೊದಲು ಓದಿದಾಕೆ ಎರಡು ಪ್ಯಾರಾ ಹೊಡೆದುಹಾಕಿದಳು. ಎರಡೂ ಸೂರ್ಯಾಸ್ತದ ವರ್ಣನೆ!

ಮಿತ್ರರೇ, ನಿಮಗೂ ಆಸೆಯಾದರೆ ರಾಯಚೂರಿನಿಂದ ಆತ್ಕೂರು ಬಸ್ಸು ಹಿಡಿಯಿರಿ. ಚಳಿಗಾಲದಲ್ಲಿ ಹೋಗಿ, ಹೊಳೆ ತುಂಬಿದಾಗ ಬೇಡವೇ ಬೇಡ. ರೊಟ್ಟಿ ಕಟ್ಟಿಕೊಳ್ಳಿ. ಹರಿಗೋಲಿನಲ್ಲಿ ಮೊಬೈಲು ಜೇಬಿನಲ್ಲಿರಲಿ, ಅಂಬಿಗ ಕೂಡಿಸಿದ ಕಡೆಗೇ ಕೂತುಕೊಳ್ಳಿ. ಎದುರಿಗೆ ಕೂತವರು ಏನಾದರೂ ಹೇಳಿದರೆ, ದಂಡೆ ಮುಟ್ಟುವುದರೊಳಗೆ ಉತ್ತರ ಕೊಡಿ. ಆಮೇಲೆ ಬಸ್ಸುಗಳು ಬೇರೆ ಬೇರೆ.