ಶಾಲಾ ಫುಟ್‌ಬಾಲ್ ಕೋಚ್ ಎಷ್ಟು ವರ್ಷ ಇರಬೇಕು? ಅಮೆರಿಕದ ಲೆಕ್ಕ ಹೀಗಿದೆ

ಅಮೆರಿಕದ ಸಣ್ಣ ಊರುಗಳಲ್ಲಿ ಶುಕ್ರವಾರ ರಾತ್ರಿಯ ಹೈಸ್ಕೂಲ್ ಫುಟ್‌ಬಾಲ್ ಅಂದ್ರೆ ಜಾತ್ರೆ ಇದ್ದಂಗೆ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಆಟ. ತಂಡ ಸೋತರೆ ಮೊದಲು ಕೇಳಿಬರೋ ಮಾತು, ಕೋಚ್ ಬದಲಾಯಿಸಿ ಅಂತ.

ಆದರೆ ಅಲ್ಲಿ ಹೈಸ್ಕೂಲ್ 9ರಿಂದ 12ನೇ ತರಗತಿವರೆಗೆ, ಒಟ್ಟು 4 ವರ್ಷ. ಹೊಸ ಕೋಚ್‌ಗೆ ಸಿಗೋದು ಹಳಬರು ಕಟ್ಟಿದ ತಂಡ. ತಾನೇ ಮೊದಲಿಂದ ಕಲಿಸಿದ ಮಕ್ಕಳು 12ನೇ ತರಗತಿ ಮುಗಿಸೋಕೆ 4 ವರ್ಷ ಬೇಕು. ಅದಕ್ಕೂ ಮುಂಚೆ ತೆಗೆದರೆ ಪೆಟ್ಟು ಕೊನೆ ವರ್ಷದ ಮಕ್ಕಳಿಗೆ. ಅವರಿಗೆ ಇನ್ನೊಂದು ಸೀಸನ್ ಇರಲ್ಲ.

ಹೆಚ್ಚೆಂದರೆ ಎಷ್ಟು? ದಕ್ಷಿಣ ಕೆರೊಲಿನಾದ ಸಮ್ಮರ್‌ವಿಲ್ ಶಾಲೆಯಲ್ಲಿ ಜಾನ್ ಮೆಕಿಸಿಕ್ 1952ರಿಂದ 63 ಸೀಸನ್ ಇದ್ದು 621 ಪಂದ್ಯ ಗೆಲ್ಲಿಸಿದರು. ಕ್ಯಾಲಿಫೋರ್ನಿಯಾದ ಡಿ ಲಾ ಸಾಲ್ ಶಾಲೆಗೆ 1979ರಲ್ಲಿ ಬಂದ ಬಾಬ್ ಲಾಡೊಸೂರ್ ತಂಡ 1992ರಿಂದ 2004ರ ನಡುವೆ ಸತತ 151 ಪಂದ್ಯ ಗೆದ್ದಿತು. 2013ರಲ್ಲಿ ಅವರು ಬಿಟ್ಟಾಗ ಹೊಣೆ ಹೊತ್ತಿದ್ದು ಅವರ ಹಳೇ ವಿದ್ಯಾರ್ಥಿ, ಅವರ ಕೈಕೆಳಗೇ ಸಹಾಯಕ ಕೋಚ್ ಆಗಿ ಪಳಗಿದ್ದ ಜಸ್ಟಿನ್ ಆಲಂಬಾ.

ಅಂಗಡಿ ಗಲ್ಲಾ ಬಿಟ್ಟುಕೊಡೋ ಮುಂಚೆ ಇನ್ನೊಬ್ಬರಿಗೆ ವ್ಯಾಪಾರ ಕಲಿಸಿರಬೇಕು. ಕೋಚ್ ವಿಷಯವೂ ಅಷ್ಟೇ: ಕನಿಷ್ಠ 4 ವರ್ಷ, ಆಮೇಲೆ ಮುಂದಿನವರು ತಯಾರಾಗೋವರೆಗೆ.