ಪೀಣ್ಯದ ಶೆಡ್ಡು, ಧ್ರುವದ ಬೆಳಕು

ರಾಜಾಜಿನಗರದ ತಾರಸಿ ಮೇಲೆ ನಿಂತು ಧ್ರುವಪ್ರಭೆಗಾಗಿ ಕಾಯುವವರು ಕಾಯುತ್ತಲೇ ಇರಬೇಕು. ಆ ಬೆಳಕು ಕುಣಿಯುವುದು ಭೂಮಿಯ ಕಾಂತೀಯ ಧ್ರುವಗಳ ಸುತ್ತ. ನಮ್ಮೂರು ಬೆಂಗಳೂರು ಇರುವುದು ಕಾಂತೀಯ ಸಮಭಾಜಕದ ಮಗ್ಗುಲಲ್ಲಿ. 2024ರ ಮೇ 10ರ ರಾತ್ರಿ, 2003ರ ನಂತರದ ಅತಿ ಜೋರಾದ ಸೌರ ಬಿರುಗಾಳಿ ಭೂಮಿಗೆ ಬಡಿದಾಗ ಲಡಾಖಿನ ಹಾನ್ಲೆಯ ಆಕಾಶ ಕೂಡ ಕೆಂಪಾಯಿತು. ಹಾನ್ಲೆಯ ವೀಕ್ಷಣಾಲಯ ಬೆಂಗಳೂರಿನದೇ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು, ಹಾಗಾಗಿ ಚಿತ್ರಗಳು ಬೇಗನೆ ಊರು ತಲುಪಿದವು. ನಮ್ಮ ತಲೆಯ ಮೇಲೆ ಮಾತ್ರ ಏನೂ ಕಾಣಲಿಲ್ಲ.

ಕಾಣದಿದ್ದರೂ ನಂಟು ಇದೆ. ಆ ಬೆಳಕು ಯಾಕೆ ಹೊತ್ತಿಕೊಳ್ಳುತ್ತದೆ ಎಂಬ ಪ್ರಶ್ನೆಯ ಜಾಡು ಹಿಡಿದರೆ ಒಂದು ದಾರಿ ಉಡುಪಿಯ ಅದಮಾರಿನಿಂದ ಹೊರಟು, ಅಮೆರಿಕ ಸುತ್ತಿ, ರಾಜಾಜಿನಗರದಿಂದ ಕೆಲವೇ ಮೆಟ್ರೊ ನಿಲ್ದಾಣ ಆಚೆಗಿರುವ ಪೀಣ್ಯಕ್ಕೆ ಬರುತ್ತದೆ. ಆ ದಾರಿ ನಡೆದವರು ಉಡುಪಿ ರಾಮಚಂದ್ರ ರಾವ್. ಯು.ಆರ್. ರಾವ್ ಎಂದರೆ ನಮಗೆ ಆರ್ಯಭಟ ಉಪಗ್ರಹ, ಇಸ್ರೊ ಅಧ್ಯಕ್ಷ ಪದವಿ, ಅವರ ಹೆಸರು ಹೊತ್ತ ಉಪಗ್ರಹ ಕೇಂದ್ರ. ಅದೆಲ್ಲ ಆಮೇಲಿನದು. ಮೊದಲು ಅವರು ಸೂರ್ಯನ ಗಾಳಿಯ ಬೆನ್ನು ಬಿದ್ದ ಭೌತವಿಜ್ಞಾನಿ. ಈ ಮೊದಲ ಅಧ್ಯಾಯವನ್ನು ನಾವು ಹೇಳುವುದು ಕಡಿಮೆ, ಸಭೆಗಳಲ್ಲಂತೂ ಇಲ್ಲವೇ ಇಲ್ಲ.

1932ರಲ್ಲಿ ಹುಟ್ಟಿದ ರಾವ್ ಉಡುಪಿ, ಅನಂತಪುರ, ಬನಾರಸ್ ಎಂದು ಓದುತ್ತಾ ಹೋಗಿ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿ ಅವರ ಶಿಷ್ಯರಾದರು. ವಿಷಯ, ಕಾಸ್ಮಿಕ್ ಕಿರಣ. ಪಿಎಚ್.ಡಿ ಮುಗಿಸಿ ಅಮೆರಿಕದ ಎಂಐಟಿಗೆ ಹೋದ ಕಾಲಕ್ಕೆ ಧ್ರುವಪ್ರಭೆಯ ವಿಚಾರದಲ್ಲಿ ದೊಡ್ಡ ಗೊಂದಲವಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲೇ ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲ್ಯಾಂಡ್ ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಅಯಸ್ಕಾಂತದ ಪುಟ್ಟ ಗೋಳವೊಂದನ್ನಿಟ್ಟು, ಅದರತ್ತ ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಗೋಳದ ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡಿಸಿ ತೋರಿಸಿದ್ದರು. ಸೂರ್ಯನಿಂದ ಬರುವ ವಿದ್ಯುತ್ ಕಣಗಳೇ ಇದಕ್ಕೆ ಕಾರಣ ಎಂಬುದು ಅವರ ವಾದ. ದೊಡ್ಡವರು ಒಪ್ಪಲಿಲ್ಲ. 1958ರಲ್ಲಿ ಯೂಜೀನ್ ಪಾರ್ಕರ್ ಸೂರ್ಯನಿಂದ ಎಡೆಬಿಡದೆ ಕಣಗಳ ಗಾಳಿ ಬೀಸುತ್ತಿರಲೇಬೇಕು ಎಂದು ಲೆಕ್ಕ ಹಾಕಿ ಬರೆದಾಗಲೂ ಪರಿಶೀಲಕರು ಪ್ರಬಂಧವನ್ನು ತಿರಸ್ಕರಿಸಿ ಎಂದೇ ಶಿಫಾರಸು ಮಾಡಿದ್ದರು. ಪತ್ರಿಕೆಯ ಸಂಪಾದಕರಾಗಿದ್ದ ಎಸ್. ಚಂದ್ರಶೇಖರ್ ಅದನ್ನು ಅಚ್ಚು ಹಾಕಿಸಿದರು.

ವಾದ ಮುಗಿಸಿದ್ದು ಮ್ಯಾರಿನರ್-2. 1962ರ ಆಗಸ್ಟ್‌ನಲ್ಲಿ ಶುಕ್ರನತ್ತ ಹೊರಟ ಈ ನೌಕೆಯಲ್ಲಿ ಮಾರ್ಸಿಯಾ ನ್ಯೂಗೆಬಾವರ್ ಮತ್ತು ಕಾನ್‌ವೇ ಸ್ನೈಡರ್ ರೂಪಿಸಿದ ಕಣಮಾಪಕವಿತ್ತು. ಸುಮಾರು ನಾಲ್ಕು ತಿಂಗಳು ಅದು ಅಳೆಯಿತು. ಗಾಳಿಯ ವೇಗ ಏರಿತು, ಇಳಿಯಿತು, ಆದರೆ ಒಂದು ದಿನವೂ ನಿಲ್ಲಲಿಲ್ಲ. ನಿಧಾನ ಎನ್ನುವಾಗಲೂ ಸೆಕೆಂಡಿಗೆ 300 ಕಿ.ಮೀ.ಗೆ ಕಡಿಮೆಯಿಲ್ಲ.

ಈ ಅಂಕಿಗಳನ್ನು ಇಟ್ಟುಕೊಂಡು 1963ರಲ್ಲಿ ಒಂದು ಪ್ರಬಂಧ ಹೊರಬಂತು. ಲೇಖಕರು ಸ್ನೈಡರ್, ನ್ಯೂಗೆಬಾವರ್ ಮತ್ತು ರಾವ್. ಆಕಾಶದ ಗಾಳಿಗೂ ನೆಲದ ಮೇಲಿನ ಕಾಂತಸೂಜಿಯ ಅದುರುವಿಕೆಗೂ ಏನು ಸಂಬಂಧ ಎಂದು ಅವರು ಕೇಳಿಕೊಂಡಿದ್ದರು. ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂಬುದನ್ನು ಮೂರು ಗಂಟೆಗೊಮ್ಮೆ 0ಯಿಂದ 9ರವರೆಗಿನ ಕೆಪಿ ಎಂಬ ಸೂಚ್ಯಂಕದಲ್ಲಿ ದಾಖಲಿಸುತ್ತಾರೆ. ದಿನಕ್ಕೆ ಎಂಟು ಅಂಕಿ. ಆ ಎಂಟನ್ನೂ ಕೂಡಿ 8.44ರಿಂದ ಗುಣಿಸಿ 330 ಸೇರಿಸಿದರೆ ಅಂದಿನ ಸೌರ ಮಾರುತದ ವೇಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಬರುತ್ತದೆ. ಮೊತ್ತ ಸೊನ್ನೆಯಿದ್ದ ಶಾಂತ ದಿನ 330. ಮೊತ್ತ 30 ಆದರೆ 583. ಶಾಲಾ ಹುಡುಗರೂ ಹಾಕಬಹುದಾದ ಲೆಕ್ಕ. ಆದರೆ ಕೋಟ್ಯಂತರ ಕಿಲೋಮೀಟರ್ ದೂರದ ಸೂರ್ಯನ ಉಸಿರಿಗೂ ಇಲ್ಲಿನ ಕಾಂತೀಯ ಕಂಪನಕ್ಕೂ ನಂಟಿದೆ ಎಂದು ಅಳತೆ ಮಾಡಿ ತೋರಿಸಿದ ಮೊದಲ ಲೆಕ್ಕ ಅದು. ಧ್ರುವಪ್ರಭೆಯ ಕಾರಣಸರಣಿಯಲ್ಲಿ ಅಲ್ಲಿಯವರೆಗೆ ಊಹೆಯಾಗಿದ್ದ ನಡುವಿನ ಕೊಂಡಿ ಕೈಗೆ ಸಿಕ್ಕಿತು.

ಸಿಕ್ಕಿತು, ಆದರೆ ಪೂರ್ತಿಯಲ್ಲ. ಬರೀ ವೇಗ ಸಾಲದು. ಗಾಳಿ ತನ್ನ ಜೊತೆಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ, ಅದು ಯಾವ ದಿಕ್ಕಿಗೆ ವಾಲಿದೆ ಎಂಬುದೇ ಮುಖ್ಯ ಎಂದು 1961ರಲ್ಲಿ ಬ್ರಿಟನ್ನಿನ ಜೇಮ್ಸ್ ಡಂಗಿ ಹೇಳಿದ್ದರು. 1966ರ ಹೊತ್ತಿಗೆ ಉಪಗ್ರಹದ ಅಳತೆಗಳು ಅದಕ್ಕೆ ಸಾಕ್ಷಿ ಹೇಳಿದವು. ಭೂಮಿಯ ಹಗಲಿನ ಕಡೆ ಕ್ಷೇತ್ರರೇಖೆಗಳು ಉತ್ತರಕ್ಕೆ ಮುಖ ಮಾಡಿವೆ. ಬರುವ ಕ್ಷೇತ್ರ ದಕ್ಷಿಣಮುಖಿಯಾಗಿದ್ದರೆ ಎರಡೂ ಕತ್ತರಿಸಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹೀಗೆ ಬೆಸೆದ ರೇಖೆಗಳನ್ನು ಗಾಳಿ ಭೂಮಿಯ ರಾತ್ರಿಯ ಬದಿಗೆ ಎಳೆದುಕೊಂಡು ಹೋಗಿ, ಕವಣೆಯ ರಬ್ಬರಿನಂತೆ ಉದ್ದಕ್ಕೆ ಜಗ್ಗುತ್ತದೆ. ಒಂದು ಹಂತದಲ್ಲಿ ಅವು ಮತ್ತೆ ಕತ್ತರಿಸಿ ರಪ್ಪನೆ ಹಿಂದಕ್ಕೆ ಬರುತ್ತವೆ, ಎಲೆಕ್ಟ್ರಾನ್‌ಗಳು ಧ್ರುವಗಳತ್ತ ನುಗ್ಗುತ್ತವೆ. ಅಂದರೆ ಸೂರ್ಯನ ಕಣಗಳು ನೇರವಾಗಿ ಬಂದು ಧ್ರುವಕ್ಕೆ ಸುರಿಯುತ್ತವೆ ಎಂದು ಪಠ್ಯಪುಸ್ತಕಗಳು ಹೇಳುವುದು ಅರ್ಧ ಸತ್ಯ. ಹೊಡೆತದ ಬಹುಪಾಲು ಬರುವುದು ನಮ್ಮ ಹಿತ್ತಿಲಿನಿಂದಲೇ.

ಆ ಎಲೆಕ್ಟ್ರಾನ್‌ಗಳು ಆಮ್ಲಜನಕದ ಪರಮಾಣುವಿಗೆ ಬಡಿದಾಗ ಬಣ್ಣ. ನೂರು ಕಿ.ಮೀ.ಗಿಂತ ಸ್ವಲ್ಪ ಮೇಲೆ ಹಸಿರು, 200 ಕಿ.ಮೀ. ದಾಟಿದ ಮೇಲೆ ಕೆಂಪು. ಕೆಂಪು ಸೂಸಲು ಪರಮಾಣುವಿಗೆ ಎರಡು ನಿಮಿಷದಷ್ಟು ಹೊತ್ತು ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರಲ್ಲಿ ಇನ್ನೊಂದು ಅಣು ಢಿಕ್ಕಿ ಹೊಡೆದು ಶಕ್ತಿ ಕಸಿದುಬಿಡುತ್ತದೆ. ಎತ್ತರದಲ್ಲಿ ಹುಟ್ಟುವ ಬೆಳಕಾದ್ದರಿಂದ ದೂರದವರ ದಿಗಂತಕ್ಕೂ ಕೆಂಪು ಎಟುಕುತ್ತದೆ. ಹಾನ್ಲೆಗೆ ಎಟುಕಿದ್ದು ಅದೇ.

ರಾವ್ ಎಂಐಟಿಯಿಂದ ಡಲ್ಲಾಸ್‌ಗೆ ಹೋದರು, ಸೂರ್ಯನ ಸುತ್ತ ತಿರುಗಲು ಹೊರಟ ಪಯೊನಿಯರ್ ನೌಕೆಗಳಿಗೆ ಕಾಸ್ಮಿಕ್ ಕಿರಣ ಅಳೆಯುವ ಉಪಕರಣದ ತಂಡದಲ್ಲಿ ದುಡಿದರು. 1966ರಲ್ಲಿ ಭಾರತಕ್ಕೆ ವಾಪಸು. ಉಪಗ್ರಹದಲ್ಲಿ ಕೈಯಾಡಿಸಿದ ಅನುಭವವಿದ್ದವರು ಆಗ ದೇಶದಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಮೊದಲ ಉಪಗ್ರಹ ಕಟ್ಟುವ ಹೊಣೆ ಅವರ ಹೆಗಲಿಗೆ ಬಿತ್ತು, ಜಾಗ ಸಿಕ್ಕಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅಕ್ಕಪಕ್ಕದಲ್ಲಿ ಲೇತ್ ಯಂತ್ರಗಳು ತಿರುಗುತ್ತಿದ್ದ ಪ್ರದೇಶದಲ್ಲಿ 26 ಮುಖಗಳ, 360 ಕಿಲೋ ತೂಕದ ಆರ್ಯಭಟ ರೂಪುಗೊಂಡಿತು. ಜಾಗದ ಅಭಾವಕ್ಕೆ ಶೌಚಾಲಯವೊಂದನ್ನು ದತ್ತಾಂಶ ಸ್ವೀಕರಿಸುವ ಕೋಣೆ ಮಾಡಿಕೊಂಡದ್ದು ಇಸ್ರೊದವರು ಈಗಲೂ ನಗುತ್ತಾ ಹೇಳುವ ಕಥೆ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲಕ್ಕೊಯ್ದಿತು. ಅದರೊಳಗಿದ್ದ ಮೂರು ಪ್ರಯೋಗಗಳಲ್ಲಿ ಒಂದು ಸೂರ್ಯನ ನ್ಯೂಟ್ರಾನ್, ಗಾಮಾ ಕಿರಣಗಳಿಗೆ ಸಂಬಂಧಿಸಿದ್ದು, ಇನ್ನೊಂದು ಮೇಲಿನ ವಾತಾವರಣದ್ದು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತವು. ಹಳೆಯ ಪ್ರಶ್ನೆಯನ್ನು ರಾವ್ ಹೊಸ ಪೆಟ್ಟಿಗೆಯಲ್ಲೂ ತುಂಬಿ ಕಳಿಸಿದ್ದರು ಎಂಬುದು ನನಗೆ ಇಷ್ಟವಾಗುವ ಸಂಗತಿ.

ಮುಂದಿನ ದಶಕಗಳಲ್ಲಿ ದೂರಸಂಪರ್ಕ, ಹವಾಮಾನ, ದೂರಸಂವೇದಿ ಉಪಗ್ರಹಗಳೇ ದೇಶದ ಆದ್ಯತೆಯಾದವು, ಆಗಬೇಕಾದದ್ದೂ ಅದೇ. ಸೂರ್ಯನ ಸರದಿ ಬರಲು 2008 ಆಯಿತು. ರಾವ್ ಅಧ್ಯಕ್ಷರಾಗಿದ್ದ ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಯಲ್ಲಿ ಆದಿತ್ಯದ ಕಲ್ಪನೆ ಮೊಳೆಯಿತು. ಮೊದಲಿಗೆ ಅದು ಭೂಮಿಗೆ ಹತ್ತಿರದಲ್ಲೇ ಸುತ್ತುತ್ತಾ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡುವ ಸಣ್ಣ ಉಪಗ್ರಹವಾಗಿತ್ತು. ಅಷ್ಟು ಹತ್ತಿರ ಸುತ್ತಿದರೆ ಒಂದು ತೊಡಕು: ಅದು ಭೂಮಿಯ ಕಾಂತಕ್ಷೇತ್ರದ ಹೊದಿಕೆಯಾದ ಕಾಂತಗೋಳದ ಒಳಗೇ ಇರುತ್ತದೆ, ಗಾಳಿಯನ್ನು ಕಣ್ಣಿಂದ ಊಹಿಸಬಹುದೇ ಹೊರತು ಮೈಗೆ ತಾಗಿಸಿಕೊಳ್ಳಲಾಗದು. ಯೋಜನೆ ಹಿಗ್ಗಿ, ಭೂಮಿಯಿಂದ ಸೂರ್ಯನ ದಿಕ್ಕಿಗೆ 15 ಲಕ್ಷ ಕಿ.ಮೀ. ಆಚೆಯ ಎಲ್-1 ಬಿಂದುವಿಗೆ ಹೋಯಿತು. ರಾವ್ 2017ರ ಜುಲೈನಲ್ಲಿ ತೀರಿಕೊಂಡರು. ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು.

ಅದರ ಏಳು ಉಪಕರಣಗಳಲ್ಲಿ ಕಾಂತಮಾಪಕ ಬಂದದ್ದು ಲಿಯೋಸ್ ಎಂಬ ಇಸ್ರೊ ಪ್ರಯೋಗಾಲಯದಿಂದ. ಲಿಯೋಸ್ ಇರುವುದು ಪೀಣ್ಯದಲ್ಲಿ, ಆರ್ಯಭಟ ಕಟ್ಟಿದ ಅದೇ ಜಾಗದಲ್ಲಿ. ನೌಕೆಯೊಳಗಿನ ತಂತಿ, ಮೋಟಾರುಗಳದ್ದೂ ಒಂದು ಕಾಂತಕ್ಷೇತ್ರವಿರುತ್ತದೆ, ಬಾಹ್ಯಾಕಾಶದ ಕ್ಷೇತ್ರವೋ ಅತಿ ಕ್ಷೀಣ. ಅದಕ್ಕೇ ಆರು ಮೀಟರ್ ಉದ್ದದ, ಮಡಚಿಟ್ಟ ಕೋಲಿನ ಮೇಲೆ ಒಂದು ಸಂವೇದಕವನ್ನು 3 ಮೀಟರಿಗೆ, ಇನ್ನೊಂದನ್ನು 6 ಮೀಟರಿಗೆ ಕೂರಿಸಿದರು. ಎರಡರ ವ್ಯತ್ಯಾಸ ನೋಡಿ ನೌಕೆಯ ಗದ್ದಲವನ್ನು ಕಳೆಯುವುದು ಉಪಾಯ. 132 ದಿನ ಮಡಚಿಕೊಂಡಿದ್ದ ಕೋಲು 2024ರ ಜನವರಿ 11ರಂದು ಸುಮಾರು 9 ಸೆಕೆಂಡಿನಲ್ಲಿ ಸ್ಪ್ರಿಂಗುಗಳ ಬಲದಿಂದ ಬಿಚ್ಚಿಕೊಂಡಿತು.

ನಾಲ್ಕು ತಿಂಗಳಿಗೇ ಅದಕ್ಕೆ ಪರೀಕ್ಷೆ ಎದುರಾಯಿತು. ಮೇ 10 ಮತ್ತು 11ರಂದು ಆದಿತ್ಯದ ಕಣಮಾಪಕವೂ ಕಾಂತಮಾಪಕವೂ ಹಾದುಹೋಗುತ್ತಿದ್ದ ಬಿರುಗಾಳಿಯನ್ನು ದಾಖಲಿಸಿದವು. ಎಲ್-1ರಿಂದ ರೇಡಿಯೊ ಸಂಕೇತ ಭೂಮಿಗೆ ಬರಲು 5 ಸೆಕೆಂಡು ಸಾಕು. ಗಾಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ವಿದ್ಯುತ್ ಜಾಲ, ಉಪಗ್ರಹ ನಡೆಸುವವರಿಗೆ ಆ ನಡುವಿನ ಹೊತ್ತೇ ಬಂಡವಾಳ. ಸೂರ್ಯನ ಮೇಲೆ ಸ್ಫೋಟವಾದದ್ದು ದುರ್ಬೀನಿನಲ್ಲಿ ಒಂದೆರಡು ದಿನ ಮೊದಲೇ ಕಾಣುತ್ತದೆ ನಿಜ. ಆದರೆ ಹೊರಟ ಮೋಡದೊಳಗಿನ ಕ್ಷೇತ್ರ ದಕ್ಷಿಣಕ್ಕೆ ವಾಲಿದೆಯೋ ಉತ್ತರಕ್ಕೋ ಎಂದು ಚಿತ್ರ ನೋಡಿ ನೆಚ್ಚಿಕೆಯಿಂದ ಹೇಳುವ ವಿದ್ಯೆ ಇನ್ನೂ ಯಾರಿಗೂ ಕೈವಶವಾಗಿಲ್ಲ. ಅದು ಎಲ್-1ರ ಕೋಲಿಗೆ ತಾಗಿದಾಗಲೇ ಖಾತ್ರಿ.

ಆದಿತ್ಯದ ಸಂಕೇತಗಳು ಇಳಿಯುವುದು ಕೆಂಗೇರಿಯಾಚೆ, ರೇಡಿಯೊ ಗಲಾಟೆ ತಟ್ಟದ ತಟ್ಟೆಯಾಕಾರದ ಕಣಿವೆಯ ಬ್ಯಾಲಾಳುವಿನಲ್ಲಿ. ಅಲ್ಲಿನ 32 ಮತ್ತು 18 ಮೀಟರ್ ಆಂಟೆನಾಗಳು ಹಿಡಿದ ದತ್ತಾಂಶ ಅಲ್ಲೇ ಇರುವ ಕೇಂದ್ರದಲ್ಲಿ ಸೇರುತ್ತದೆ. 2025ರ ಜನವರಿಯಿಂದ ಇಸ್ರೊ ಅದನ್ನು ಎಲ್ಲರಿಗೂ ತೆರೆದಿಟ್ಟಿದೆ. ಜ್ಞಾನಭಾರತಿಯ ಭೌತಶಾಸ್ತ್ರ ವಿದ್ಯಾರ್ಥಿಯೊಬ್ಬ ಬಯಸಿದರೆ ಈ ಸಂಜೆಯೇ ಗಾಳಿಯ ವೇಗವನ್ನೂ ಕೆಪಿ ಮೊತ್ತವನ್ನೂ ಪಕ್ಕಪಕ್ಕ ಇಟ್ಟು, ಆ 8.44 ಇಂದಿಗೂ ನಿಲ್ಲುತ್ತದೆಯೇ ಎಂದು ಗೀಟು ಎಳೆದು ನೋಡಬಹುದು.