ನಿಮಗಿದು ಗೊತ್ತೆ? ಪರದೆ ತೆರೆಯಿತು, ಸೆಕೆಂಡ್ ಷೋ ತಪ್ಪಿತು

ಕೋವಿಡ್‌ನಿಂದ ಮುಚ್ಚಿದ್ದ ಚಿತ್ರಮಂದಿರಗಳು 2020ರ ಅಕ್ಟೋಬರ್ 15ರಿಂದ ಅರ್ಧದಷ್ಟು ಸೀಟುಗಳೊಂದಿಗೆ ತೆರೆಯಲು ಕೇಂದ್ರ ಸರ್ಕಾರ ಒಪ್ಪಿತು. ಗುಜರಾತಿಗೆ ಈ ಖುಷಿ ಹೆಚ್ಚು ದಿನ ಉಳಿಯಲಿಲ್ಲ.

ದೀಪಾವಳಿ ಮುಗಿದದ್ದೇ ತಡ, ನವೆಂಬರ್ 20ರ ರಾತ್ರಿಯಿಂದ ಅಹಮದಾಬಾದಿನಲ್ಲಿ 57 ಗಂಟೆಗಳ ಕರ್ಫ್ಯೂ! ಮರುದಿನದಿಂದ ಸೂರತ್, ವಡೋದರಾ, ರಾಜ್‌ಕೋಟ್‌ಗಳಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ. ಸೆಕೆಂಡ್ ಷೋಗೆ ಅಲ್ಲಿಗೇ ತೆರೆ.

ಅಹಮದಾಬಾದಿನಲ್ಲಿ ಕಾರಿನಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್ 1973ರಿಂದ ಇದೆ. ಅಂತರ ಕಾಯಲು ಹೇಳಿಮಾಡಿಸಿದ ಜಾಗವೇ ಸರಿ. ಆದರೆ ಕತ್ತಲಾದ ಮೇಲಷ್ಟೇ ಬೆಳಗುವ ಪರದೆಗೆ ಒಂಬತ್ತರ ಗಡುವು ಬಿದ್ದರೆ?

ಅತ್ತ ಚೀನಾ ಜುಲೈ 20ರಂದೇ ಶೇ 30ರಷ್ಟು ಸೀಟುಗಳೊಂದಿಗೆ ಚಿತ್ರಮಂದಿರ ತೆರೆದಿತ್ತು. ಆಗಸ್ಟ್‌ನಲ್ಲಿ ಬಂದ ಯುದ್ಧಚಿತ್ರ ‘ದಿ ಏಟ್ ಹಂಡ್ರೆಡ್’ 46 ಕೋಟಿ ಡಾಲರ್ ಬಾಚಿತು.